ವಿದ್ಯಾಶಾಲೆಯ ಅಂಗಳದಲ್ಲಿ ಆಯುಧ

1824ನೆಯ ಇಸವಿಯ ಅಕ್ಟೋಬರ್ 4ನೆಯ ತಾರೀಖು, ಅಮೆರಿಕದ ವರ್ಜೀನಿಯಾ ಸಂಸ್ಥಾನದಲ್ಲಿ, ಷಾರ್ಲಟ್ಸ್‌ವಿಲ್ ಎಂಬ ಊರಿನ ಅಂಚಿನಲ್ಲಿ ಇನ್ನೂ ಕಟ್ಟಡದ ಕೆಲಸ ಮುಗಿಯದಿದ್ದ ಒಂದು ವಿಶ್ವವಿದ್ಯಾನಿಲಯದ ಆಡಳಿತ ಮಂಡಲಿಯವರು ಸಭೆ ಸೇರಿ, ಮರುವರ್ಷ ಅಲ್ಲಿಗೆ ಬರಲಿದ್ದ ವಿದ್ಯಾರ್ಥಿಗಳ ನಡತೆಯನ್ನು ಕುರಿತು ಒಂದು ನಿಯಮಾವಳಿಯನ್ನು ಅಂಗೀಕರಿಸಿದರು. ಆವರಣದೊಳಗೆ ಯಾವ ವಿದ್ಯಾರ್ಥಿಯೂ ಮದ್ಯವನ್ನು ತರತಕ್ಕದ್ದಲ್ಲ, ಯಾವ ಬಗೆಯ ಆಯುಧವನ್ನಾಗಲಿ ಸಿಡಿಮದ್ದನ್ನಾಗಲಿ ಇರಿಸಿಕೊಳ್ಳತಕ್ಕದ್ದಲ್ಲ, ಆಳನ್ನೂ ಕುದುರೆಯನ್ನೂ ನಾಯಿಯನ್ನೂ ಇಟ್ಟುಕೊಳ್ಳತಕ್ಕದ್ದಲ್ಲ, ಪಾಠದ ಕೋಣೆಗೆ ದೊಣ್ಣೆ ಹಿಡಿದು ಬರತಕ್ಕದ್ದಲ್ಲ, ಹೊಗೆಸೊಪ್ಪನ್ನು ಸೇದತಕ್ಕದ್ದೂ ಅಲ್ಲ, ಅಗಿಯತಕ್ಕದ್ದೂ ಅಲ್ಲ ಎಂಬುದು ಅದರಲ್ಲಿನ ಒಂದು ವಿಧಿಯ ತಾತ್ಪರ್ಯ. ಇವುಗಳಲ್ಲಿ ಯಾವುದನ್ನು ಮೀರಿದರೂ ಅಧ್ಯಾಪಕರು ತಮಗೆ ತೋರಿದಂತೆ ಸಣ್ಣ ಶಿಕ್ಷೆಗಳಲ್ಲೊಂದನ್ನು ವಿಧಿಸಬಹುದೆಂದಿತ್ತು. ಆ ಸಭೆಯಲ್ಲಿ ಕುಳಿತವರ ಪೈಕಿ ಇಬ್ಬರು ಆ ದೇಶದ ಅಧ್ಯಕ್ಷಪದವಿಯಿಂದ ನಿವೃತ್ತರಾದವರು: ಒಬ್ಬರು ಸ್ವಾತಂತ್ರ್ಯಘೋಷಣೆಯ ಕರ್ತೃವಾದ ಥಾಮಸ್ ಜೆಫರ್ಸನ್, ಮತ್ತೊಬ್ಬರು, ಆಯುಧಧಾರಣೆಯ ಹಕ್ಕನ್ನು ಹೇಳುವ ಎರಡನೆಯ ತಿದ್ದುಪಡಿಯೂ ಸೇರಿದಂತೆ ಸಂವಿಧಾನದ ಮೊದಲ ತಿದ್ದುಪಡಿಗಳ ಕರಡನ್ನು ಮುಂದಿಟ್ಟ ಜೇಮ್ಸ್ ಮ್ಯಾಡಿಸನ್.

ಅಮೆರಿಕದಲ್ಲಿ ಶಾಲೆಯೊಂದರಲ್ಲಿ ಗುಂಡಿನ ಸದ್ದು ಕೇಳಿದಾಗಲೆಲ್ಲ ಆ ದೇಶದವರು ಎರಡು ಪಕ್ಷಗಳಾಗಿ ನಿಂತು, ಆಯುಧವನ್ನು ದೂರವಿಡಬೇಕೆಂದು ಒಬ್ಬರೂ, ಒಳ್ಳೆಯವರ ಕೈಗೆ ಇನ್ನಷ್ಟು ಆಯುಧ ಕೊಡಬೇಕೆಂದು ಇನ್ನೊಬ್ಬರೂ ವಾದಿಸುತ್ತ, ಇಬ್ಬರೂ ರಾಷ್ಟ್ರದ ಮೂಲಪುರುಷರನ್ನೇ ಸಾಕ್ಷಿಗೆ ಕರೆಯುವುದನ್ನು ನಾವು ಪತ್ರಿಕೆಗಳಲ್ಲಿ ಓದುತ್ತ ಬಂದಿದ್ದೇವೆ. ಆ ಮೂಲಪುರುಷರ ಪೈಕಿ ಇಬ್ಬರು ತಾವೇ ಒಂದು ವಿದ್ಯಾಶಾಲೆಯನ್ನು ಕಟ್ಟಿ ನಡೆಸಬೇಕಾಗಿ ಬಂದಾಗ ಏನು ಮಾಡಿದರೆಂಬುದು ಆದುದರಿಂದ ಕೇವಲ ಕುತೂಹಲದ ಸಂಗತಿಯಲ್ಲ. ಜೆಫರ್ಸನ್ ಬಂದೂಕವನ್ನು ದ್ವೇಷಿಸಿದವರಲ್ಲ; 1785ರಲ್ಲಿ ತಮ್ಮ ಸೋದರಿಯ ಮಗನಿಗೆ ಬರೆದ ಪತ್ರದಲ್ಲಿ ವ್ಯಾಯಾಮಕ್ಕೆ ಚೆಂಡಿನ ಆಟಗಳಿಗಿಂತ ಬಂದೂಕವೇ ಮೇಲೆಂದೂ, ತಿರುಗಾಡಲು ಹೋಗುವಾಗಲೆಲ್ಲ ಅದನ್ನು ಜೊತೆಗೊಯ್ಯಬೇಕೆಂದೂ ಬುದ್ಧಿ ಹೇಳಿದವರು. ಅಂಥವರಿಗೂ ಮ್ಯಾಡಿಸನ್ನರಿಗೂ ವಿದ್ಯಾರ್ಥಿಯ ಕೋಣೆಯಲ್ಲಿನ ಪಿಸ್ತೂಲು ಒಂದು ಸಂವಿಧಾನದ ಪ್ರಶ್ನೆಯಾಗಿ ಕಾಣಲಿಲ್ಲ. ಮದ್ಯದ ಸೀಸೆಗೂ ಬೇಟೆನಾಯಿಗೂ ನಡುವೆ ಅದನ್ನು ಒಂದು ಸಾಲಿನಲ್ಲಿ ಬರೆದು ಮುಂದಕ್ಕೆ ಹೋದರು. ಈ ನಿಷೇಧ ಅವರದೇ ಕಲ್ಪನೆಯೇನಲ್ಲ. ಜಾರ್ಜಿಯಾದ ವಿಶ್ವವಿದ್ಯಾನಿಲಯ 1810ರಲ್ಲಿಯೇ ಬಂದೂಕ, ಪಿಸ್ತೂಲು, ಕಠಾರಿಗಳನ್ನು ವಿದ್ಯಾರ್ಥಿಗಳಿಗೆ ನಿಷೇಧಿಸಿತ್ತು.

ನಿಯಮವನ್ನು ಬರೆದುದು ಸುಲಭ, ನಡೆಸುವುದು ಸುಲಭವಾಗಿರಲಿಲ್ಲ. ಉದ್ದನೆಯ ಹುಲ್ಲಂಗಳದ ಒಂದು ತುದಿಗೆ ಗುಮ್ಮಟದ ಗ್ರಂಥಾಲಯ, ಎರಡು ಪಕ್ಕಗಳಲ್ಲಿ ಪ್ರಾಧ್ಯಾಪಕರು ಸಂಸಾರಸಮೇತ ವಾಸಿಸುವ ಹತ್ತು ಭವನಗಳು, ಆ ಭವನಗಳ ನಡುನಡುವೆ ವಿದ್ಯಾರ್ಥಿಗಳ ಸಾಲುಕೋಣೆಗಳು: ಹೀಗೆ ಗುರುಶಿಷ್ಯರು ಒಂದೇ ಅಂಗಳದ ಸುತ್ತ ಬಾಳಿದರೆ ಕಾವಲಿನ ಅಗತ್ಯವೇ ಬೀಳದೆಂಬುದು ಜೆಫರ್ಸನ್ನರ ಆಶಯ. ಅಲ್ಲಿಗೆ ಬಂದವರಾದರೋ ದಕ್ಷಿಣದ ಭೂಮಾಲಿಕರ ಮಕ್ಕಳು; ತೊಟ್ಟಿಲಿನಿಂದಲೇ ಗುಲಾಮರ ಮೇಲೆ ಕೈಯೆತ್ತಿ ಅಭ್ಯಾಸವಾದವರು; ಮಾತಿಗೆ ಮಾತು ಬಂದರೆ ಮಾನ ಹೋಯಿತೆಂದು ತಿಳಿದು ಆಯುಧಕ್ಕೆ ಕೈಹಾಕುವವರು. ಯಜಮಾನನು ಗುಲಾಮನ ಮೇಲೆ ತೀರಿಸಿಕೊಳ್ಳುವ ಕೋಪವನ್ನು ಕಣ್ಣಾರೆ ಕಂಡು ಬೆಳೆದ ಮಗು ತಾನೂ ನಿರಂಕುಶನಾಗುವುದೆಂದು ಜೆಫರ್ಸನ್ ಹಿಂದೆ ವರ್ಜೀನಿಯಾವನ್ನು ಕುರಿತ ತಮ್ಮ ಗ್ರಂಥದಲ್ಲಿ ತಾವೇ ಬರೆದಿದ್ದರು. ಆದರೂ ಆ ವಿಶ್ವವಿದ್ಯಾನಿಲಯವನ್ನು ಕಟ್ಟಿಸಿದ್ದು ಬಹುಮಟ್ಟಿಗೆ ಗುಲಾಮರ ಕೈಯಿಂದಲೇ, ಅಲ್ಲಿ ನೀರು ಸೌದೆ ಹೊತ್ತವರೂ ಗುಲಾಮರೇ. ಆಳನ್ನು ಇಟ್ಟುಕೊಳ್ಳತಕ್ಕದ್ದಲ್ಲವೆಂಬ ನಿಯಮದ ಅರ್ಥ ವಿದ್ಯಾರ್ಥಿಯು ಮನೆಯಿಂದ ತನ್ನ ಸ್ವಂತ ಗುಲಾಮನನ್ನು ಕರೆತರಕೂಡದೆಂಬಷ್ಟೇ.

1825ರ ಮಾರ್ಚಿನಲ್ಲಿ ಪಾಠಗಳು ಮೊದಲಾದುವು; ಅಕ್ಟೋಬರಿನ ಹೊತ್ತಿಗೆ ಮುಖವಾಡ ಧರಿಸಿದ ವಿದ್ಯಾರ್ಥಿಗಳು ರಾತ್ರಿ ಅಂಗಳದಲ್ಲಿ ಸೇರಿ, ಯೂರೋಪಿನಿಂದ ಕರೆಸಿದ ಪ್ರಾಧ್ಯಾಪಕರಿಗೆ ಧಿಕ್ಕಾರ ಕೂಗಿ, ತಡೆಯಲು ಬಂದ ಇಬ್ಬರು ಗುರುಗಳ ಮೇಲೆ ಕೈಮಾಡಿದರು. ಎರಡು ದಿನಗಳ ತರುವಾಯ ಸಭೆ ಸೇರಿತು. ಎಂಬತ್ತೆರಡು ವರ್ಷದ ಜೆಫರ್ಸನ್ ವಿದ್ಯಾರ್ಥಿಗಳನ್ನುದ್ದೇಶಿಸಿ ಮಾತನಾಡಲೆಂದು ಎದ್ದುನಿಂತರು. ಇದು ತಮ್ಮ ಬಾಳಿನ ಅತ್ಯಂತ ದುಃಖದ ಸನ್ನಿವೇಶಗಳಲ್ಲೊಂದು ಎಂದು ಆರಂಭಿಸಿದವರು ಕಂಠ ಬಿಗಿದುಬಂದು ಮುಂದೆ ನುಡಿಯಲಾರದೆ ಕುಳಿತುಬಿಟ್ಟರಂತೆ. ಮಂಡಲಿಯ ಮತ್ತೊಬ್ಬ ಸದಸ್ಯರು ಅವರಿಗೆ ಬದಲಾಗಿ ಎದ್ದು, ತಪ್ಪಿತಸ್ಥರು ಮುಂದೆ ಬರಬೇಕೆಂದು ಕೇಳಿದಾಗ ಹುಡುಗರು ಒಬ್ಬೊಬ್ಬರಾಗಿ ಬಂದು ಹೆಸರು ಕೊಟ್ಟರು. ಹೊರಹಾಕಲ್ಪಟ್ಟವರಲ್ಲಿ ಜೆಫರ್ಸನ್ನರ ಸ್ವಂತ ಬಂಧುವೊಬ್ಬನೂ ಇದ್ದನು. ಮರುವರ್ಷ ಜುಲೈ 4ರಂದು ಅವರು ತೀರಿಕೊಂಡರು. ಆಡಳಿತ ಮಂಡಲಿಯ ಅಧ್ಯಕ್ಷಸ್ಥಾನ ಮ್ಯಾಡಿಸನ್ನರಿಗೆ ಬಂದಿತು.

ಅದೇ 1826ರಲ್ಲಿ ಎಡ್ಗರ್ ಆ್ಯಲನ್ ಪೋ ಅಲ್ಲಿ ವಿದ್ಯಾರ್ಥಿಯಾಗಿದ್ದನು. ಮುಂದೆ ಭಯಾನಕ ಕಥೆಗಳಿಂದ ಪ್ರಖ್ಯಾತನಾದ ಈತ ತನ್ನ ಸಾಕುತಂದೆಗೆ ಬರೆದ ಕಾಗದವೊಂದರಲ್ಲಿ, ಹೊಡೆದಾಟಗಳು ಇಲ್ಲಿ ಯಾರೂ ಗಮನಿಸದಷ್ಟು ಸಾಮಾನ್ಯವೆಂದೂ, ಒಬ್ಬನು ಪಿಸ್ತೂಲು ಹಿರಿದು ಹೊಡೆಯಲು ಹೋದಾಗ ಅದು ಸಿಡಿಯಲಿಲ್ಲವೆಂದೂ, ಪಿಸ್ತೂಲು ಇರಿಸಿಕೊಳ್ಳುವುದು ಇಲ್ಲಿಯ ಷೋಕಿಯೆಂದೂ ತಿಳಿಸಿದ್ದಾನೆ. ನಿಯಮ ಜಾರಿಗೆ ಬಂದು ಎರಡು ವರ್ಷವೂ ಆಗಿರಲಿಲ್ಲ. ತಿಳಿದಿದ್ದರೂ ಕೋಣೆಗೆ ಹೋಗಿ ಕೇಳಲು ಪ್ರಾಧ್ಯಾಪಕರಿಗೆ ಧೈರ್ಯವಿರಲಿಲ್ಲ. ಕೇಳಿದವನನ್ನು ಹುಡುಗರು ಗೂಢಚಾರನೆಂದು ಹಳಿಯುತ್ತಿದ್ದರು.

1836ರಲ್ಲಿ ವಿದ್ಯಾರ್ಥಿಗಳು ಸ್ವಯಂಸೇವಕರ ಒಂದು ಸೈನಿಕದಳವನ್ನು ಕಟ್ಟಿಕೊಂಡು ಬಂದೂಕಗಳನ್ನು ತರಿಸಿಕೊಂಡರು. ಕವಾಯತಿನ ಹೊರತು ಬಂದೂಕವನ್ನು ಹೊರತೆಗೆಯಕೂಡದು, ಆವರಣದಲ್ಲಿ ಗುಂಡು ಹಾರಿಸಕೂಡದು ಎಂಬ ಷರತ್ತುಗಳ ಮೇಲೆ ಪ್ರಾಧ್ಯಾಪಕರು ಇದಕ್ಕೆ ಒಪ್ಪಿದರು. ನಿಷೇಧವಿದ್ದ ವಸ್ತುವಿಗೆ ಹೀಗೆ ಷರತ್ತಿನ ಅನುಮತಿ ದೊರೆತಮೇಲೆ, ಷರತ್ತು ಎಷ್ಟು ದಿನ ನಿಂತೀತು? ನವೆಂಬರಿನಲ್ಲಿ ದಳದವರು ಮಾತು ಮೀರಿ ಗುಂಡು ಹಾರಿಸಿದರು. ಆಯುಧಗಳನ್ನು ಒಪ್ಪಿಸಿರೆಂದರೆ ಒಪ್ಪಿಸಲಿಲ್ಲ. ಸುಮಾರು 70 ಮಂದಿಯನ್ನು ಹೊರಹಾಕಿದಾಗ ಎರಡು ದಿನಗಳ ದಂಗೆಯೇ ಎದ್ದು, ಪ್ರಾಧ್ಯಾಪಕರ ಮನೆಗಳ ಕಿಟಕಿಗಳು ಪುಡಿಯಾದುವು, ಸೈನ್ಯ ಬಂದು ಶಾಂತಿಯನ್ನು ಸ್ಥಾಪಿಸಬೇಕಾಯಿತು. ಹೊರಹಾಕಲ್ಪಟ್ಟವರಲ್ಲಿ ಅನೇಕರನ್ನು ತರುವಾಯ ಮರಳಿ ಸೇರಿಸಿಕೊಂಡರು. ಆ ದಂಗೆಯ ದಿನ ಹುಡುಗರಿಗೆ ಒಂದು ವಾರ್ಷಿಕೋತ್ಸವವೇ ಆಗಿ, ಪ್ರತಿ ನವೆಂಬರಿನಲ್ಲಿಯೂ ಗದ್ದಲವೆಬ್ಬಿಸುವ ಪದ್ಧತಿ ಬೆಳೆಯಿತು.

1840ರ ನವೆಂಬರ್ 12ರ ರಾತ್ರಿ ಮುಖವಾಡದ ಇಬ್ಬರು ಹುಲ್ಲಂಗಳದಲ್ಲಿ ಪಿಸ್ತೂಲುಗಳನ್ನು ಸಿಡಿಸುತ್ತ ತಿರುಗುತ್ತಿದ್ದರು. ಹತ್ತನೆಯ ಭವನದಲ್ಲಿ ವಾಸವಾಗಿದ್ದವರು ನ್ಯಾಯಶಾಸ್ತ್ರದ ಪ್ರಾಧ್ಯಾಪಕ ಜಾನ್ ಡೇವಿಸ್. ಆಗ ಅವರೇ ಅಧ್ಯಾಪಕ ಮಂಡಲಿಯ ಮುಖ್ಯಸ್ಥರು. ಸದ್ದು ಕೇಳಿ ಅವರು ಬರಿಗೈಯಲ್ಲಿ ಹೊರಗೆ ಬಂದು, ಒಬ್ಬನನ್ನು ಸಮೀಪಿಸಿ, ಅವನ ಮುಖವಾಡವನ್ನು ಕಿತ್ತುತೆಗೆಯಲು ಕೈಚಾಚಿದರು. ಅವನು ಕೆಲವು ಹೆಜ್ಜೆ ಹಿಂದಕ್ಕೆ ಸರಿದು ತಿರುಗಿ ನಿಂತು ಗುಂಡು ಹಾರಿಸಿದನು. ಗುಂಡು ಹೊಟ್ಟೆಗೆ ತಗುಲಿತು. ಎರಡು ದಿನ ಯಾತನೆಪಟ್ಟು 14ರಂದು ಅವರು ಪ್ರಾಣಬಿಟ್ಟರು. ಹೊಡೆದವನಾರೆಂದು ಕೇಳಿದವರಿಗೆ, ಮಾನವಂತನಾದರೆ ಅವನೇ ಮುಂದೆ ಬಂದು ಒಪ್ಪಿಕೊಳ್ಳುವನೆಂದರಲ್ಲದೆ ಹೆಸರು ಹೇಳಲಿಲ್ಲವೆಂದು ಅಲ್ಲಿಯ ಐತಿಹ್ಯ. ಅವನು ಮುಂದೆ ಬರಲಿಲ್ಲ. ವಿದ್ಯಾರ್ಥಿಗಳೇ ಹುಡುಕಾಟದಲ್ಲಿ ಸೇರಿ ಅವನು ಸಿಕ್ಕಿಬಿದ್ದನು. ಜಾರ್ಜಿಯಾದ ಆ ಯುವಕ ಜಾಮೀನಿನ ಮೇಲೆ ಹೊರಬಂದು ವಿಚಾರಣೆಗೆ ನಿಲ್ಲದೆ ಕಣ್ಮರೆಯಾದನು.

ಡೇವಿಸರ ಪೀಠಕ್ಕೆ ಬಂದ ಹೆನ್ರಿ ಸೇಂಟ್ ಜಾರ್ಜ್ ಟಕ್ಕರ್ 1842ರಲ್ಲಿ ಒಂದು ಸೂಚನೆಯನ್ನು ಮುಂದಿಟ್ಟರು: ಇನ್ನುಮುಂದೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಪರೀಕ್ಷೆಯ ಉತ್ತರಪತ್ರಿಕೆಯ ಕೊನೆಗೆ, ತಾನು ಯಾರ ನೆರವನ್ನೂ ಪಡೆದಿಲ್ಲವೆಂದು ತನ್ನ ಮಾನದ ಮೇಲೆ ಬರೆದು ಸಹಿ ಮಾಡತಕ್ಕದ್ದು. ಗುರುಹತ್ಯೆಯ ಲಜ್ಜೆಯಿಂದಲೇ ಈ ಶಪಥಪದ್ಧತಿ ಹುಟ್ಟಿತೆಂದು ವಿಶ್ವವಿದ್ಯಾನಿಲಯದವರು ಹೇಳಿಕೊಳ್ಳುವುದುಂಟು. ಪರೀಕ್ಷೆಯಲ್ಲಿ ನಕಲು ಮಾಡುವುದಕ್ಕೂ ಪಿಸ್ತೂಲಿಗೂ ಇದ್ದ ಸಂಬಂಧ ಅಷ್ಟು ನೇರವಾದುದೆಂದು ನನಗೇನೋ ತೋರುವುದಿಲ್ಲ. ಆದರೂ ಪಿಸ್ತೂಲು ಹಿಡಿಯಲು ಪ್ರೇರಿಸುತ್ತಿದ್ದ ಆ ಮಾನಾಭಿಮಾನವನ್ನೇ ಶಿಸ್ತಿನ ಕಡೆಗೆ ತಿರುಗಿಸಲು ಟಕ್ಕರ್ ಮಾಡಿದ ಯತ್ನದಲ್ಲಿ ಜಾಣತನವಿತ್ತು, ಅದು ಇಂದಿಗೂ ಉಳಿದುಬಂದಿದೆ.

ಮಾನದ ಹೆಸರಿನಲ್ಲಿ ಶಾಲೆಯೊಳಗೆ ನಡೆದ ಕೊಲೆಯನ್ನು ಅಂದಿನ ನ್ಯಾಯಸ್ಥಾನ ಹೇಗೆ ಕಂಡಿತೆಂಬುದಕ್ಕೆ ಕೆಂಟಕಿಯ ಲೂಯಿವಿಲ್ ನಗರದ ಒಂದು ಪ್ರಕರಣವನ್ನು ನೋಡಬೇಕು. 1853ರಲ್ಲಿ ಅಲ್ಲಿಯ ಪ್ರೌಢಶಾಲೆಯ ಉಪಾಧ್ಯಾಯ ವಿಲಿಯಂ ಬಟ್ಲರ್, ತರಗತಿಯಲ್ಲಿ ಚೆಸ್ಟ್‌ನಟ್ ಕಾಯಿಗಳನ್ನು ತಿಂದ ವಿಷಯದಲ್ಲಿ ಸುಳ್ಳಾಡಿದನೆಂದು ಸಿರಿವಂತರ ಮನೆಯ ಹುಡುಗನೊಬ್ಬನಿಗೆ ಚಾಟಿಯ ಪೆಟ್ಟು ಕೊಟ್ಟನು. ಮರುದಿನ, ನವೆಂಬರ್ 2ರಂದು, ಹುಡುಗನ ಅಣ್ಣ ಮ್ಯಾಟ್ ವಾರ್ಡ್ ಬೆಳಗ್ಗೆಯೇ ಅಂಗಡಿಗೆ ಹೋಗಿ ಎರಡು ಪಿಸ್ತೂಲುಗಳನ್ನು ಕೊಂಡು, ತಮ್ಮಂದಿರೊಡನೆ ಶಾಲೆಗೆ ಬಂದು, ಚೆಸ್ಟ್‌ನಟ್ ಬೇಡಿ ಪಡೆದ ಹುಡುಗ, ಅದನ್ನು ಕೊಟ್ಟ ನನ್ನ ತಮ್ಮ, ಈ ಇಬ್ಬರಲ್ಲಿ ಹೆಚ್ಚು ದೋಷಿ ಯಾರೆಂದು ಉಪಾಧ್ಯಾಯನನ್ನು ಕೆಣಕಿ, ಮಾತು ಬೆಳೆದು ಗುಂಡು ಹಾರಿಸಿಬಿಟ್ಟನು. ಬಟ್ಲರ್ ಬದುಕಲಿಲ್ಲ. ವಿಚಾರಣೆ ಬೇರೊಂದು ಜಿಲ್ಲೆಗೆ ವರ್ಗವಾಗಿ, ಆ ಸಂಸ್ಥಾನದ ಹೆಸರುವಾಸಿ ರಾಜಕಾರಣಿ ಜಾನ್ ಕ್ರಿಟೆಂಡನ್ನರೇ ಆರೋಪಿಯ ಪರ ವಾದಿಸಿ, ಇದೆಲ್ಲ ಆತ್ಮರಕ್ಷಣೆಗಾಗಿ ನಡೆಯಿತೆಂದು ಜ್ಯೂರಿಯವರನ್ನು ಒಪ್ಪಿಸಿದರು. 1854ರ ಏಪ್ರಿಲಿನಲ್ಲಿ ಬಿಡುಗಡೆಯ ತೀರ್ಪು ಬಂದಾಗ ಲೂಯಿವಿಲ್ಲಿನ ಜನ ಬೀದಿಗಿಳಿದು ಕೊಲೆಗಾರನ ಪ್ರತಿಕೃತಿಯನ್ನು ಸುಟ್ಟು, ವಾರ್ಡ್ ಮನೆತನದ ಸೌಧಕ್ಕೆ ಕಲ್ಲೆಸೆದರು. ಶಾಲೆಯ ಬಾಗಿಲಿಗೆ ಬೀಗ ಹಾಕಿಸಬೇಕೆಂದು ಆಗ ಯಾರಿಗೂ ತೋರಲಿಲ್ಲ. ಪಿಸ್ತೂಲು ತಂದವನಿಗೆ ಶಿಕ್ಷೆಯಾಗಲಿಲ್ಲವೆಂಬುದೊಂದೇ ಅವರ ರೋಷಕ್ಕೆ ಕಾರಣ.

ಅಂತರ್ಯುದ್ಧದ ತರುವಾಯ ನಿಯಮ ಶಾಸನವಾಯಿತು. 1870ರಲ್ಲಿ ಟೆಕ್ಸಾಸ್ ಸಂಸ್ಥಾನವು ಚರ್ಚಿಗಾಗಲಿ ಶಾಲೆಯ ಕೋಣೆಗಾಗಲಿ ಆಯುಧಸಹಿತ ಪ್ರವೇಶಿಸುವುದನ್ನು ಅಪರಾಧವೆಂದು ಸಾರಿತು. ಇಂದು ಬಂದೂಕಪ್ರಿಯರ ನಾಡೆಂದು ಹೆಸರಾದ ಟೆಕ್ಸಾಸೇ ಇದು. 1878ರ ಮಿಸಿಸಿಪ್ಪಿಯ ಶಾಸನ ಇನ್ನೂ ಸೂಕ್ಷ್ಮವಾದುದು: ಆಯುಧವನ್ನು ಮರೆಸಿಕೊಂಡು ತಿರುಗುವ ವಿದ್ಯಾರ್ಥಿಗೆ ಮಾತ್ರವಲ್ಲದೆ, ತಿಳಿದೂ ಸುಮ್ಮನಿದ್ದ ಉಪಾಧ್ಯಾಯನಿಗೂ, ಹದಿನಾರು ತುಂಬದ ಮಗನಿಗೆ ಹಾಗೆ ತಿರುಗಲು ಬಿಟ್ಟ ತಂದೆಗೂ ಅದು ದಂಡ ವಿಧಿಸಿತು. ಆ ಕಾಲದ ದಕ್ಷಿಣದಲ್ಲಿ ಇಂಥ ಶಾಸನಗಳನ್ನು ಸ್ವತಂತ್ರರಾದ ಕಪ್ಪು ಜನರ ಮೇಲೆ ಒಂದು ಬಗೆಯಾಗಿಯೂ ಬಿಳಿಯರ ಮೇಲೆ ಮತ್ತೊಂದು ಬಗೆಯಾಗಿಯೂ ಪ್ರಯೋಗಿಸುತ್ತಿದ್ದರೆಂಬುದನ್ನು ಮರೆಯಬಾರದು. ಅದೇನೇ ಇರಲಿ, ಪಿಸ್ತೂಲು ಹುಡುಗನ ಜೇಬಿಗೆ ಬರುವ ಮುನ್ನ ಇನ್ನೊಬ್ಬರ ಮನೆಯಲ್ಲಿತ್ತು, ಇನ್ನೊಬ್ಬರ ಕಣ್ಣಿಗೆ ಬಿದ್ದಿತ್ತು ಎಂಬ ಅರಿವು ಅದರಲ್ಲಿದೆ.

ಇಪ್ಪತ್ತನೆಯ ಶತಮಾನದ ಬಹುಭಾಗವನ್ನು ಇಲ್ಲಿ ಬೇಗನೆ ದಾಟಬಹುದು. ಆಗ ಎಷ್ಟೋ ಪ್ರೌಢಶಾಲೆಗಳಲ್ಲಿ ಗುರಿಯೆಸೆತದ ಸಂಘಗಳಿದ್ದು, ಹುಡುಗರು ರೈಫಲನ್ನು ಶಾಲೆಗೆ ತಂದು ಸಂಜೆ ಮನೆಗೊಯ್ಯುತ್ತಿದ್ದರು. ಯಾರೂ ಬೆದರುತ್ತಿರಲಿಲ್ಲವೆಂದು ಹಳಬರು ನೆನೆಯುವುದು ಸುಳ್ಳಲ್ಲ. 1989ರ ಜನವರಿಯಲ್ಲಿ ಕ್ಯಾಲಿಫೋರ್ನಿಯದ ಸ್ಟಾಕ್‌ಟನ್ ಎಂಬಲ್ಲಿ ಪ್ರಾಥಮಿಕ ಶಾಲೆಯ ಆಟದ ಬಯಲಿನಲ್ಲಿ ಐದು ಮಕ್ಕಳು ಯುದ್ಧಕ್ಕೆ ತಕ್ಕ ಬಂದೂಕಕ್ಕೆ ಬಲಿಯಾದ ಮೇಲೆ ಆ ನೆಮ್ಮದಿ ಕದಡಿತು. 1990ರಲ್ಲಿ ಕೇಂದ್ರ ಶಾಸನಸಭೆಯು ಶಾಲೆಯ ಸುತ್ತ ಸಾವಿರ ಅಡಿಗಳೊಳಗೆ ಬಂದೂಕ ಕೂಡದೆಂದು ಕಾನೂನು ಮಾಡಿತು. ಐದೇ ವರ್ಷಗಳಲ್ಲಿ, ಸ್ಯಾನ್ ಆ್ಯಂಟೋನಿಯೋದ ಶಾಲೆಗೆ ರಿವಾಲ್ವರ್ ತಂದ ಹುಡುಗನೊಬ್ಬನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಐವರು ನಾಲ್ವರ ಬಹುಮತದಿಂದ ಆ ಕಾನೂನನ್ನು ಅಸಿಂಧುವೆಂದಿತು. ಶಾಲೆಯ ಬಳಿ ಬಂದೂಕವಿರುವುದು ಅಂತರರಾಜ್ಯ ವಾಣಿಜ್ಯವಲ್ಲವಾದ್ದರಿಂದ ಕೇಂದ್ರಕ್ಕೆ ಅಧಿಕಾರವಿಲ್ಲವೆಂಬುದು ತೀರ್ಪಿನ ಸಾರ. ಬಂದೂಕವು ವಾಣಿಜ್ಯದಲ್ಲಿ ಸಾಗಿಬಂದದ್ದಾಗಿರಬೇಕೆಂಬ ಮಾತನ್ನು ಸೇರಿಸಿ 1996ರಲ್ಲಿ ಅದೇ ಕಾನೂನನ್ನು ಮತ್ತೆ ತಂದರು.

1999ರಲ್ಲಿ ಕೊಲರಾಡೋದ ಕೊಲಂಬೈನ್ ಪ್ರೌಢಶಾಲೆಯಲ್ಲಿ ಹನ್ನೆರಡು ವಿದ್ಯಾರ್ಥಿಗಳೂ ಒಬ್ಬ ಉಪಾಧ್ಯಾಯರೂ ಹತರಾದ ದಿನದಿಂದ ವಿವಾದದ ದೃಷ್ಟಿ ಆಯುಧದಿಂದ ಕಟ್ಟಡದ ಕಡೆಗೆ ಹೊರಳಿತು. ಕ್ಯಾಮೆರಾ, ಲೋಹಶೋಧಕ, ಒಂದೇ ಪ್ರವೇಶದ್ವಾರ, ಶಾಲೆಗೊಬ್ಬ ಪೊಲೀಸು. ಇಂದು ಅಲ್ಲಿಯ ಒಂದನೆಯ ತರಗತಿಯ ಮಗುವಿಗೂ ಇದರ ಅಭ್ಯಾಸವುಂಟು: ಧ್ವನಿವರ್ಧಕದಲ್ಲಿ ಸೂಚನೆ ಬಂದೊಡನೆ ಉಪಾಧ್ಯಾಯಿನಿ ಒಳಗಿನಿಂದ ಬೀಗ ಹಾಕಿ, ದೀಪವಾರಿಸಿ, ಕಿಟಕಿಯ ಪರದೆಯನ್ನು ಇಳಿಬಿಡುತ್ತಾಳೆ, ಬಾಗಿಲ ಗಾಜಿನಿಂದ ಇಣುಕಿದರೆ ಕಾಣದ ಮೂಲೆಯಲ್ಲಿ ಮಕ್ಕಳು ಒತ್ತೊತ್ತಾಗಿ ನೆಲದ ಮೇಲೆ ಕುಳಿತು ಪಿಟ್ಟೆನ್ನದೆ ಕಾಯುತ್ತಾರೆ, ಯಾರೋ ಬಂದು ಹಿಡಿಯನ್ನು ತಿರುಗಿಸಿ ಪರೀಕ್ಷಿಸಿ ಹೋಗುತ್ತಾರೆ. ಅಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳೂ ಇದನ್ನು ಕಲಿಯುತ್ತಿದ್ದಾರೆ. ಬೀಗ ನಿಷ್ಪ್ರಯೋಜಕವೆಂದು ನಾನು ಹೇಳಲಾರೆ. 2012ರಲ್ಲಿ ಕನೆಕ್ಟಿಕಟ್ಟಿನ ಸ್ಯಾಂಡಿ ಹುಕ್ ಶಾಲೆಯಲ್ಲಿ ಇಪ್ಪತ್ತು ಎಳೆಯ ಮಕ್ಕಳೂ ಆರು ಮಂದಿ ಹಿರಿಯರೂ ಮಡಿದ ಮೇಲೆ ನೇಮಕವಾದ ಆಯೋಗ, ಪ್ರತಿ ತರಗತಿಯ ಬಾಗಿಲನ್ನೂ ಒಳಗಿನಿಂದ ಭದ್ರಪಡಿಸುವಂತಿರಬೇಕೆಂದು ಒತ್ತಿಹೇಳಿತು. ಪೊಲೀಸು ಠಾಣೆ ಬಹುದೂರವಿರುವ ಹಳ್ಳಿಯ ಶಾಲೆಯವರು, ಟೆಕ್ಸಾಸಿನ ಹ್ಯಾರಲ್ಡ್ ಎಂಬ ಊರಿನಲ್ಲಿ ಮಾಡಿದಂತೆ, ಆಯ್ದ ಉಪಾಧ್ಯಾಯರಿಗೆ ಆಯುಧ ಕೊಡುವುದೇ ಲೇಸೆಂದು ಬಗೆದರೆ ಅವರ ಭೀತಿಯನ್ನೂ ತಿರಸ್ಕರಿಸುವಂತಿಲ್ಲ. ಆದರೆ ಅದೇ ಟೆಕ್ಸಾಸಿನ ಯುವಾಲ್ಡಿಯಲ್ಲಿ, 2022ರ ಮೇ 24ರಂದು, 376 ಮಂದಿ ಆಯುಧಧಾರಿ ಅಧಿಕಾರಿಗಳು ಸೇರಿದ್ದಾಗಲೂ 77 ನಿಮಿಷ ಯಾರೂ ಹಂತಕನಿದ್ದ ತರಗತಿಯ ಕೋಣೆಯೊಳಗೆ ನುಗ್ಗಲಿಲ್ಲ. ಬೀಗದ ಕೈಗಾಗಿ ಕಾದರು. ಆ ಬಾಗಿಲಿಗೆ ಬಹುಶಃ ಬೀಗವೇ ಬಿದ್ದಿರಲಿಲ್ಲವೆಂದು ಶಾಸನಸಭೆಯ ಸಮಿತಿ ಆಮೇಲೆ ವರದಿ ಮಾಡಿತು. ಹತ್ತೊಂಬತ್ತು ಮಕ್ಕಳೂ ಇಬ್ಬರು ಉಪಾಧ್ಯಾಯಿನಿಯರೂ ಸತ್ತಿದ್ದರು.

ಶಾಲೆಗಳ ಮೇಲಿನ ದಾಳಿಗಳನ್ನು ಅಧ್ಯಯನ ಮಾಡಿ ಅಮೆರಿಕದ ರಹಸ್ಯ ರಕ್ಷಣಾ ದಳ 2019ರಲ್ಲಿ ಕೊಟ್ಟ ವರದಿಯ ಪ್ರಕಾರ, ಬಂದೂಕ ಬಳಸಿದ ವಿದ್ಯಾರ್ಥಿಗಳಲ್ಲಿ ಸುಮಾರು ಮುಕ್ಕಾಲು ಪಾಲಿನವರು ಅದನ್ನು ತಂದದ್ದು ತಂದೆತಾಯಿಯ ಅಥವಾ ಹತ್ತಿರದ ಬಂಧುವಿನ ಮನೆಯಿಂದ. ಮಿಷಿಗನ್ನಿನ ಆಕ್ಸ್‌ಫರ್ಡ್ ಪ್ರೌಢಶಾಲೆಯಲ್ಲಿ 2021ರ ನವೆಂಬರ್ 30ರಂದು ನಾಲ್ವರು ವಿದ್ಯಾರ್ಥಿಗಳು ಸತ್ತರಲ್ಲ, ಆ ಬೆಳಗ್ಗೆಯೇ ಶಾಲೆಯವರು ಗುಂಡು ಹಾರಿಸಿದ ಹುಡುಗನು ಬರೆದಿದ್ದ ಹಿಂಸೆಯ ಚಿತ್ರವನ್ನು ಕಂಡು ತಂದೆತಾಯಿಗಳನ್ನು ಕರೆಸಿದ್ದರು. ನಾಲ್ಕು ದಿನಗಳ ಹಿಂದೆ ಪಿಸ್ತೂಲು ಕೊಡಿಸಿದ್ದ ತಂದೆಯೂ ಅದರ ಮಾತೆತ್ತಲಿಲ್ಲ, ತಾಯಿಯೂ ಎತ್ತಲಿಲ್ಲ. ಶಾಲೆಯವರು ಹುಡುಗನ ಚೀಲವನ್ನು ಬಿಚ್ಚಿ ನೋಡಲಿಲ್ಲ. ಅವನು ಚೀಲದೊಡನೆ ತರಗತಿಗೆ ಮರಳಿದನು. 2024ರಲ್ಲಿ ತಂದೆತಾಯಿಗಳಿಬ್ಬರಿಗೂ ಹತ್ತರಿಂದ ಹದಿನೈದು ವರ್ಷಗಳ ಸೆರೆಯಾಯಿತು. ಪತ್ರಿಕೆಗಳು ಇದನ್ನು ಅಭೂತಪೂರ್ವವೆಂದು ಬಣ್ಣಿಸಿದುವು. ಮಿಸಿಸಿಪ್ಪಿಯ ಹಳೆಯ ಶಾಸನಕರ್ತರು ಅಷ್ಟು ಬೆರಗಾಗುತ್ತಿರಲಿಲ್ಲ.

ಷಾರ್ಲಟ್ಸ್‌ವಿಲ್ಲಿನ ಆ ಹಳೆಯ ಸಭಾವೃತ್ತಾಂತಕ್ಕೆ ಈ ನಡುವೆ ಒಂದು ಪುನರ್ಜನ್ಮ ದೊರೆತಿದೆ. ಆಯುಧಧಾರಣೆ ವ್ಯಕ್ತಿಯ ಹಕ್ಕೆಂದು 2008ರಲ್ಲಿ ತೀರ್ಮಾನಿಸಿದ ಸರ್ವೋಚ್ಚ ನ್ಯಾಯಾಲಯವು ಶಾಲೆಯಂಥ ಸೂಕ್ಷ್ಮಸ್ಥಳಗಳಲ್ಲಿನ ನಿಷೇಧಕ್ಕೆ ಬಾಧಕವಿಲ್ಲವೆಂದಿತು. 2022ರಲ್ಲಿ, ಆಯುಧದ ಮೇಲಿನ ಯಾವ ನಿರ್ಬಂಧಕ್ಕೂ ದೇಶದ ಚರಿತ್ರೆಯಲ್ಲಿ ಆಧಾರ ತೋರಿಸಬೇಕೆಂದಿತು. ಅಂದಿನಿಂದ ವಕೀಲರು ಧೂಳು ಕೊಡವಿ ತೆಗೆದ ಕಾಗದಗಳಲ್ಲಿ 1824ರ ಆ ವಿಧಿಯೂ ಒಂದು. ಜೆಫರ್ಸನ್ನರೂ ಮ್ಯಾಡಿಸನ್ನರೂ ಒಪ್ಪಿದ್ದಕ್ಕಿಂತ ಬೇರೆ ಪ್ರಮಾಣವೇಕೆಂದು ಒಂದು ಪಕ್ಷ. ಅದು ಗುರುಗಳು ಶಿಷ್ಯರಿಗೆ ಹಾಕಿದ ಕಟ್ಟಳೆಯೇ ಹೊರತು ನಾಗರಿಕರೆಲ್ಲರಿಗೆ ಅನ್ವಯಿಸುವ ಶಾಸನವಲ್ಲವೆಂದು ಪ್ರತಿಪಕ್ಷ. ಎರಡು ವಾದಗಳಲ್ಲಿಯೂ ಹುರುಳಿದೆ. ಅದೇ ಅಂಗಳದಲ್ಲಿ, ಅದೇ ವಿಧಿ ಜಾರಿಯಲ್ಲಿದ್ದಾಗಲೇ ಡೇವಿಸರು ಸತ್ತರೆಂಬುದಕ್ಕೆ ಮಾತ್ರ ಈ ವಾದಗಳಲ್ಲಿ ಸ್ಥಾನವಿಲ್ಲ. ವಿಧಿ ಇತ್ತೇ ಇಲ್ಲವೇ ಎಂಬುದು ನ್ಯಾಯಾಲಯದ ಪ್ರಶ್ನೆ. ಆಯುಧವನ್ನು ಹೋಗಿ ಕೇಳುವವನಾರು ಎಂಬುದು ಶಾಲೆಯ ಪ್ರಶ್ನೆ.

ಈ ಎರಡನೆಯ ಪ್ರಶ್ನೆಗೆ ಒಂದು ಉತ್ತರವನ್ನು ಆ ವಿಶ್ವವಿದ್ಯಾನಿಲಯವೇ ಹುಡುಕಿತು. ಅಲ್ಲಿಯ ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕ ಡ್ಯೂಯಿ ಕಾರ್ನೆಲ್, ಕೊಲಂಬೈನಿನ ತರುವಾಯದ ವರ್ಷಗಳಲ್ಲಿ, ವಿದ್ಯಾರ್ಥಿಯೊಬ್ಬನು ಬೆದರಿಕೆಯ ಮಾತಾಡಿದರೆ ಅದನ್ನು ಉಪಾಧ್ಯಾಯ, ಮನಶ್ಶಾಸ್ತ್ರಜ್ಞ, ಪೊಲೀಸು ಮುಂತಾದವರ ತಂಡ ಕುಳಿತು ತೂಗಿನೋಡಿ, ಬಾಯಿಮಾತೋ ನಿಜವಾದ ಅಪಾಯವೋ ಎಂದು ನಿರ್ಧರಿಸಿ, ಹುಡುಗನೊಡನೆ ನೇರವಾಗಿ ಮಾತಾಡುವ ವಿಧಾನವನ್ನು ರೂಪಿಸಿದರು. 2007ರ ಏಪ್ರಿಲಿನಲ್ಲಿ ಅದೇ ಸಂಸ್ಥಾನದ ವರ್ಜೀನಿಯಾ ಟೆಕ್ ವಿಶ್ವವಿದ್ಯಾನಿಲಯದಲ್ಲಿ 32 ಮಂದಿ ಗುಂಡಿಗೆ ಬಲಿಯಾದರು. ತಮಿಳುನಾಡಿನಲ್ಲಿ ಹುಟ್ಟಿದ ಜಲವಿಜ್ಞಾನದ ಪ್ರಾಧ್ಯಾಪಕ ಜಿ. ವಿ. ಲೋಗನಾಥನ್ ಅವರಲ್ಲೊಬ್ಬರು, ವಿದ್ಯಾರ್ಥಿಗಳು ಕಿಟಕಿಯಿಂದ ಹಾರಿಕೊಳ್ಳುವವರೆಗೂ ಬಾಗಿಲಿಗೆ ಒತ್ತಿನಿಂತು ಪ್ರಾಣಬಿಟ್ಟ ವೃದ್ಧ ಲಿವಿಯು ಲಿಬ್ರೆಸ್ಕು ಮತ್ತೊಬ್ಬರು. ಆ ಬಳಿಕ ವರ್ಜೀನಿಯಾ ತನ್ನ ಸಾರ್ವಜನಿಕ ಕಾಲೇಜುಗಳಲ್ಲಿ ಇಂಥ ತಂಡಗಳನ್ನು ಕಡ್ಡಾಯ ಮಾಡಿತು. 2013ರಲ್ಲಿ ಶಾಲೆಗಳಿಗೂ ಅದನ್ನು ವಿಸ್ತರಿಸಿತು.

2022ರ ಸೆಪ್ಟೆಂಬರಿನಲ್ಲಿ ಷಾರ್ಲಟ್ಸ್‌ವಿಲ್ಲಿನ ಅಂಥ ತಂಡಕ್ಕೆ, ವಿದ್ಯಾರ್ಥಿಯೊಬ್ಬನ ಬಳಿ ಬಂದೂಕವಿದೆಯೆಂಬ ಮಾತು ಕಿವಿಗೆ ಬಿತ್ತು. ವಿಚಾರಿಸಿದರು, ಅವನು ಸಹಕರಿಸಲಿಲ್ಲ, ಕಾಗದಪತ್ರಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಬೇಕಾಗಿತ್ತು, ಹೋಗಲಿಲ್ಲ. ನವೆಂಬರ್ 13ರ ರಾತ್ರಿ ವಾಷಿಂಗ್ಟನ್ನಿನಲ್ಲಿ ನಾಟಕ ನೋಡಿ ಮರಳಿದ ತರಗತಿಯ ಬಸ್ಸು ಆವರಣದಲ್ಲಿ ನಿಂತಾಗ ಅವನು ಮೂವರು ಸಹಪಾಠಿಗಳನ್ನು ಕೊಂದು ಇಬ್ಬರನ್ನು ಗಾಯಗೊಳಿಸಿದನು. ಆಮೇಲೆ ಪೊಲೀಸರು ಅವನ ಕೋಣೆಯನ್ನು ಶೋಧಿಸಿದಾಗ ಅಲ್ಲಿ ರೈಫಲೂ ಪಿಸ್ತೂಲೂ ಮದ್ದುಗುಂಡುಗಳೂ ಸಿಕ್ಕಿದುವು. ಮೃತರ ಮತ್ತು ಗಾಯಾಳುಗಳ ಕುಟುಂಬಗಳಿಗೆ 90 ಲಕ್ಷ ಡಾಲರ್ ಕೊಡಲು ವಿಶ್ವವಿದ್ಯಾನಿಲಯವು 2024ರಲ್ಲಿ ಒಪ್ಪಿಕೊಂಡಿತು.